ನಾಗಪತಿ ಸುಮ್ಮನೆ ಕೂತ ಬುಧವಾರ

ಹೊನ್ನಾವರದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿರುವ ಕರ್ಕಿಯ ನಾಗಪತಿ ನಾಯ್ಕನಿಗೆ ಮಗಳ ಮೇಲೆ ಎಷ್ಟು ಅಭಿಮಾನವೆಂದರೆ, ಅವಳು ದಿನಕ್ಕೆ ಹದಿನೆಂಟು ತಾಸು ಓದುತ್ತಾಳೆಂದು ಅವನೇ ತೀರ್ಮಾನಿಸಿಬಿಟ್ಟಿದ್ದ. ಮಗಳನ್ನು ಕೇಳಿರಲಿಲ್ಲ. ಇಂಥ ವಿಷಯಗಳನ್ನು ಮಗಳ ಹತ್ತಿರ ಕೇಳಿ ಹಾಳುಮಾಡಿಕೊಳ್ಳುವಷ್ಟು ದಡ್ಡ ಅವನಲ್ಲ.

ಮಗಳು ಮಾಲಿನಿ ಐರ್ಲೆಂಡಿನ ಗಾಲ್ವೇ ಎಂಬ ಊರಿನಲ್ಲಿ ಕಡಲ ವಿಜ್ಞಾನದ ಎಂ.ಎಸ್ಸಿ. ಓದುತ್ತಿದ್ದಳು. ಹೋಗಿ ಎರಡು ತಿಂಗಳಾಗಿತ್ತು. ಓದಿನ ಜೊತೆಗೆ ವಾರಕ್ಕೆ ಇಪ್ಪತ್ತು ತಾಸು ಮೀರದ ಹಾಗೆ ಒಂದು ಬೇಕರಿಯಲ್ಲಿ ಕೆಲಸ. ನಿಜ ಇಷ್ಟೇ. ನಾಗಪತಿಯ ಬಾಯಲ್ಲಿ ಅದು ಬಸ್ ನಿಲ್ದಾಣದ ಕ್ಯಾಂಟೀನ್ ತಲುಪುವಷ್ಟರಲ್ಲಿ "ಹದಿನೆಂಟು ತಾಸು ಓದು, ನಾಕು ತಾಸು ಕೆಲ್ಸ, ಎರಡು ತಾಸು ನಿದ್ರೆ" ಎಂದಾಗಿತ್ತು. ಭಟ್ಕಳ ಬಸ್ಸಿನ ಚಾಲಕನೊಬ್ಬ ಬೆರಳು ಮಡಚಿ ಲೆಕ್ಕ ಹಾಕಿ, "ಹಂಗಾರೆ ಊಟ ಯಾವಾಗ ನಾಯ್ಕರೆ?" ಎಂದು ಕೇಳಿದಾಗ, "ಓದ್ತಾ ಉಣ್ತಾಳೆ" ಎಂದು ಅವನ ಬಾಯಿ ಮುಚ್ಚಿಸಿದ್ದ.

ಹೀಗೆ ಎಲ್ಲ ಸುಸೂತ್ರವಾಗಿದ್ದಾಗ, ಅಕ್ಟೋಬರಿನ ಒಂದು ಗುರುವಾರ ಸಂಜೆ ಮಾಲಿನಿ ತನ್ನ ವಾಟ್ಸಾಪಿನ ಸ್ಟೇಟಸ್ಸಿಗೆ ಒಂದು ಫೋಟೋ ಹಾಕಿದಳು. ಹಸಿರು ಹುಲ್ಲಿನ ಮೇಲೆ ಅಂಗಾತ ಮಲಗಿ, ಮುಖದ ಮೇಲೆ ಟೋಪಿ ಮುಚ್ಚಿಕೊಂಡು, ಬರಿಗಾಲು ಬಿಸಿಲಿಗೆ ಚಾಚಿದ್ದಾಳೆ. ಕೆಳಗೆ ಒಂದೇ ಮಾತು: ‘ಏನೂ ಮಾಡುತ್ತಿಲ್ಲ.’

ಊರಿನಲ್ಲಿ ಮೊದಲು ಅದನ್ನು ನೋಡಿದವರು ಪಕ್ಕದ ಮನೆಯ ಕೃಷ್ಣಾನಂದ ಮಾಸ್ತರರು. ನಿವೃತ್ತಿಯಾಗಿ ಆರು ವರ್ಷವಾದರೂ ಹಾಜರಿ ತೆಗೆದುಕೊಳ್ಳುವ ಚಟ ಅವರನ್ನು ಬಿಟ್ಟಿರಲಿಲ್ಲ. ಊರವರ ಸ್ಟೇಟಸ್ಸುಗಳನ್ನೆಲ್ಲ ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ತಪ್ಪದೆ ನೋಡುತ್ತಿದ್ದರು. ನಾಗಪತಿ ಕೆಲಸ ಮುಗಿಸಿ ಕರ್ಕಿ ನಾಕಾದಲ್ಲಿ ಬಸ್ಸಿಳಿಯುವುದನ್ನೇ ಕಾದು, ಚಾ ಅಂಗಡಿಯಲ್ಲಿ ನಾಲ್ಕು ಜನ ಕೇಳುವ ಹಾಗೆ ಫೋನು ಎತ್ತಿ ಹಿಡಿದರು.

"ನಾಗಪತಿ, ಗುರುವಾರ ಮಧ್ಯಾಹ್ನ ಹುಲ್ಲಿನ ಮೇಲೆ ಮಲಗೂದು ಯಾವ ಸಬ್ಜೆಕ್ಟು ಮಾರಾಯಾ?"

ನಾಗಪತಿ ಫೋಟೋ ನೋಡಿದ. ಕಾಲಿನ ಹೆಬ್ಬೆರಳು ನೋಡಿಯೇ ತನ್ನ ಮಗಳೆಂದು ಗೊತ್ತಾಯಿತು. ಆದರೂ ಧೈರ್ಯಗೆಡಲಿಲ್ಲ.

"ಹುಲ್ಲಿನ ಬಗ್ಗೆ ಓದ್ತಾ ಇರುಕೂ ಸಾಕು" ಎಂದ.

"ಕಣ್ಣು ಮುಚ್ಕಂಡಾ? ಕಡಲಿನ ಬಗ್ಗೆ ಓದುಕೆ ಹೋದವ್ಳಲ್ವಾ?" ಎಂದರು ಮಾಸ್ತರರು. ಚಾ ಅಂಗಡಿ ಇಡೀ ಕಿಸಕ್ಕೆಂದಿತು.

ಮರುದಿನ ನಾಗಪತಿ ಬಸ್ ನಿಲ್ದಾಣದ ತನ್ನ ಗೂಡಿನಲ್ಲಿ ಕೂತು, ಮೈಕು ಬಂದಾಗಿದೆಯೆಂದು ಎರಡೆರಡು ಸಲ ಖಾತ್ರಿ ಮಾಡಿಕೊಂಡು ಮಗಳಿಗೆ ಫೋನು ಹಚ್ಚಿದ. ಮನೆಯಿಂದ ಮಾಡುವ ಹಾಗಿರಲಿಲ್ಲ. ಅಂಗನವಾಡಿಯ ಟೀಚರಾಗಿರುವ ಹೆಂಡತಿ ಮಾಲತಿ ಇಂಥ ವ್ಯಾಜ್ಯಗಳಲ್ಲಿ ಯಾವತ್ತೂ ಮಗಳ ಪಕ್ಷ.

"ಮೂರು ವಾರದ ಮೇಲೆ ಇಲ್ಲಿ ಬಿಸ್ಲು ಬಂದಿತ್ತು ಅಪ್ಪಾ. ಮಲಗ್ದೆ" ಎಂದಳು ಮಾಲಿನಿ.

"ಮಲಗ್ದೆ ಅಂದ್ರೆ? ಓದು?"

"ಅದು ನನ್ನ ವಿರಾಮದ ಹೊತ್ತು. ಟೈಮ್ ಟೇಬಲ್ಲಿನಲ್ಲೇ ಇದೆ."

ಕಂಟ್ರೋಲರ್ ನಾಗಪತಿಯ ಎದುರು ಟೈಮ್ ಟೇಬಲ್ಲಿನ ಮಾತೆತ್ತುವುದೆಂದರೆ ಭಟ್ಟರೆದುರು ಪಂಚಾಂಗದ ಮಾತೆತ್ತಿದ ಹಾಗೆ. ತಕ್ಷಣ ಕಳಿಸು ಎಂದ. ಬಂತು. ಓದಿಗೆ ನೀಲಿ, ಬೇಕರಿಗೆ ಹಳದಿ, ನಡುನಡುವೆ ವಾರಕ್ಕೆ ಮೂರು ಕಡೆ ಗುಲಾಬಿ ಚೌಕ, ಎರಡೆರಡು ತಾಸಿನದು. ಗುಲಾಬಿಯಲ್ಲಿ ‘ವಿರಾಮ, ಕಡ್ಡಾಯ’ ಎಂದು ಬರೆದಿತ್ತು.

"ವಿರಾಮನ್ನ ಯಾರಾದ್ರೂ ಟೈಮ್ ಟೇಬಲ್ಲಿನಲ್ಲಿ ಬರೀತಾರಾ? ಎಲ್ಲ ಕೆಲ್ಸ ಆಗಿ ಮಿಕ್ಕಿದ್ದು ವಿರಾಮ!"

"ಮಿಕ್ಕೂದೇ ಇಲ್ಲ ಅಪ್ಪಾ. ಇಲ್ಲಿಗೆ ಬಂದ ಮೊದಲ ತಿಂಗ್ಳು ಲ್ಯಾಬಿಂದ ಬೇಕರಿಗೆ, ಬೇಕರಿಯಿಂದ ಲ್ಯಾಬಿಗೆ ಓಡಿ ಓಡಿ, ಒಂದಿನ ಬ್ರೆಡ್ಡಿನ ಒಲೆ ಎದುರಿಗೆ ನಿಂತ್ಕಂಡೇ ನಿದ್ದೆ ಹೋಗಿದ್ದೆ. ಕಾಲೇಜಿನ ಮ್ಯಾಡಮ್ಮೇ ಕರ್ದು, ಇದನ್ನೂ ಬರ್ಕೊ ಅಂದ್ರು. ಈಗ ಮೂರೂ ನಡೀತದೆ."

"ಸುಮ್ನೆ ಕೂರುದು ಎಂತ ದೊಡ್ಡ ವಿದ್ಯೆ? ಯಾವ ದನವಾದ್ರೂ ಮಾಡ್ತದೆ. ಮತ್ತೆ ನೀ ಮುಂದಿನ ವಾರ ಗೆಳತ್ಯರ ಜೊತೆ ಯಾವ್ದೋ ದ್ವೀಪಕ್ಕೆ ಹೋಗ್ತೆ ಅಂದಿದ್ಯಲ್ಲ, ಅದೂ ಬೇಡ."

ಮಾಲಿನಿ ಹೇಳಿದಳು: "ಆತು. ನೀ ಒಂದೇ ಒಂದು ಗುಲಾಬಿ ಚೌಕ ಮಾಡಿ ತೋರ್ಸು. ಎರಡು ತಾಸು. ಫೋನಿಲ್ಲ, ಪೇಪರಿಲ್ಲ, ಕೆಲ್ಸ ಇಲ್ಲ, ಯಾರ ಹತ್ರನೂ ಹರಟೆ ಇಲ್ಲ. ಮಾಡಿದ್ರೆ ನಾ ದ್ವೀಪಕ್ಕೆ ಹೋಗುದಿಲ್ಲ. ಆಗ್ದಿದ್ರೆ ಇನ್ನು ಮುಂದೆ ಎಂತದೂ ಹೇಳ್ಬಾರ್ದು."

ನಾಗಪತಿಗೆ ನಗು ಬಂತು. ಮಗಳು ಇಷ್ಟು ಸುಲಭಕ್ಕೆ ಸೋಲುತ್ತಾಳೆಂದು ಅವನು ಎಣಿಸಿರಲಿಲ್ಲ. "ನಿನ್ನ ಅಮ್ಮಂಗೆ ಮಾತ್ರ ಹೇಳ್ಬೇಡ" ಎಂದು, ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ ಆ ಟೈಮ್ ಟೇಬಲ್ಲನ್ನು ಬಣ್ಣದಲ್ಲೇ ಮುದ್ರಿಸಿ, ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡ.

ಸೋಮವಾರ ಅವನದು ಬೆಳಗಿನ ಪಾಳಿ. ನಾಲ್ಕು ಗಂಟೆಗೆ ಮನೆಯ ಜಗಲಿಯ ಮೇಲೆ ಕುರ್ಚಿ ಹಾಕಿ, ಕೈ ಎರಡನ್ನೂ ತೊಡೆಯ ಮೇಲಿಟ್ಟು ಕೂತ. ಮೂರು ನಿಮಿಷಕ್ಕೆ ಮಾಲತಿ ಹೊರಗೆ ಬಂದಳು.

"ಎಂತ ಆತು?"

"ಎಂತದೂ ಇಲ್ಲ."

"ಎಂತದೂ ಇಲ್ದೆ ಯಾರಾದ್ರೂ ಕೂತ್ಕಳ್ತಾರಾ?" ಎಂದು ಹಣೆ ಮುಟ್ಟಿ ನೋಡಿದಳು. ಬಿಸಿ ಇರಲಿಲ್ಲ. ಬಿಸಿ ಇಲ್ಲದ್ದು ಅವಳಿಗೆ ಇನ್ನೂ ಹೆದರಿಕೆ ಹುಟ್ಟಿಸಿತು. ಒಳಗೆ ಹೋಗಿ ಜೀರಿಗೆ ಕಷಾಯ ಮಾಡಿ ತಂದು, ಕುಡಿಯುವವರೆಗೂ ಎದುರಿಗೇ ನಿಂತಳು.

ನಮ್ಮ ಕಡೆ ಖಾಲಿ ಕೈ ಕಂಡರೆ ಅದಕ್ಕೊಂದು ಸಾಮಾನು ಕೊಡದೆ ಯಾರೂ ಮುಂದೆ ಹೋಗುವುದಿಲ್ಲ. ದಾರಿಯಲ್ಲಿ ಹೋಗುತ್ತಿದ್ದವನೊಬ್ಬ, "ಹ್ಯಾಂಗೂ ಸುಮ್ನೆ ಕೂತೀರಿ, ಈ ಫಾರ್ಮ್ ಒಂದು ತುಂಬಿಕೊಡಿ" ಎಂದ. ಅವನ ಹಿಂದೆ ಬಂದವನಿಗೆ ಏಣಿ ಹಿಡಿಯಲು ಒಬ್ಬ ಬೇಕಾಗಿತ್ತು. ಮಾಸ್ತರರು ಬೇಲಿಯಾಚೆಯಿಂದ ತಮ್ಮ ಮೊಮ್ಮಗನ ಲೆಕ್ಕದ ಪುಸ್ತಕ ಚಾಚಿದರು. ಐದು ಗಂಟೆಯಾಗುವಷ್ಟರಲ್ಲಿ ನಾಗಪತಿ ಎರಡು ಫಾರ್ಮ್ ತುಂಬಿ, ಏಣಿ ಹಿಡಿದು, ನಾಲ್ಕು ತೆಂಗಿನಕಾಯಿ ಸುಲಿದು, ಒಂದು ಭಾಗಾಕಾರ ತಪ್ಪು ಮಾಡಿದ್ದ.

‘ಎಷ್ಟಾತು?’ ಎಂದು ಮಾಲಿನಿಯ ಮೆಸೇಜು ಬಂತು. ಸುಳ್ಳು ಹೇಳಬಹುದಿತ್ತು. ಆದರೆ ಟೈಮ್ ಟೇಬಲ್ಲಿನ ವಿಷಯದಲ್ಲಿ ಸುಳ್ಳು ಹೇಳಲು ಅವನ ಇಪ್ಪತ್ತಾರು ವರ್ಷದ ಸರ್ವೀಸು ಒಪ್ಪಲಿಲ್ಲ. ‘ಮೂರು ನಿಮಿಷ’ ಎಂದು ಬರೆದ. ‘ಬುಧವಾರ ಕಡೇ ಚಾನ್ಸು’ ಎಂದು ಉತ್ತರ ಬಂತು.

ಬುಧವಾರ ಅವನಿಗೆ ಸಂಜೆವರೆಗೆ ಡ್ಯೂಟಿ. ಅರ್ಧ ದಿನದ ರಜೆ ಬೇಕಾಯಿತು. ಅರ್ಜಿಯಲ್ಲಿ ‘ಕಾರಣ’ ಎಂಬ ಜಾಗದಲ್ಲಿ ಪೆನ್ನು ಸ್ವಲ್ಪ ಹೊತ್ತು ತೂಗಾಡಿ, ಕೊನೆಗೆ ‘ವಿರಾಮ’ ಎಂದು ಬರೆಯಿತು. ಮೇಲಧಿಕಾರಿ ಕಿರಣ ಹೊಸಬ, ಮೂವತ್ತರ ಹುಡುಗ, ಎಲ್ಲರನ್ನೂ ಮೆಲ್ಲಗೆ ಮಾತಾಡಿಸುವವ. ಅರ್ಜಿಯನ್ನು ಎರಡು ಸಲ ಓದಿದ.

"ನಾಯ್ಕರೆ, ಮನೆಯಲ್ಲಿ ಏನಾದರೂ ಕೆಲಸ ಇದೆಯಾ?"

"ಎಂತದೂ ಇಲ್ಲ ಸರ್."

"ಮತ್ತೆ ರಜೆ ಯಾಕೆ?"

"ಎಂತದೂ ಮಾಡದೆ ಇರುಕೆ ಸರ್. ಒಬ್ನೇ. ಕಡಲ ಬದಿಗೆ ಹೋಗಿ."

ಕಿರಣನ ಮುಖ ಬಿಳಿಚಿತು. ಹಿಂದಿನ ವಾರವಷ್ಟೇ ಅವನು ‘ನೌಕರರ ಮನೋಬಲ’ ಎಂಬ ಮೂರು ದಿನದ ತರಬೇತಿ ಮುಗಿಸಿ ಬಂದಿದ್ದ. ನೌಕರನೊಬ್ಬ ಇದ್ದಕ್ಕಿದ್ದಂತೆ ರಜೆ ಕೇಳಿದರೆ, ಒಬ್ಬನೇ ಇರಬೇಕೆಂದರೆ, ಅದೂ ಶಾಂತವಾಗಿ ಹೇಳಿದರೆ ಏನೆಂದು ತಿಳಿಯಬೇಕೆಂದು ಅಲ್ಲಿ ಹೇಳಿಕೊಟ್ಟಿದ್ದರು. ಮದುವೆ, ಮರಣ ಎರಡನ್ನು ಬಿಟ್ಟು ಬೇರೆ ಕಾರಣಕ್ಕೆ ನಾಗಪತಿ ಈವರೆಗೆ ರಜೆ ಹಾಕಿದವನಲ್ಲ. ಈಗ ಯಾರ ಮದುವೆಯೂ ಇರಲಿಲ್ಲ.

ಕಿರಣ ಸಹಿ ಹಾಕಿ ಕಳಿಸಿದ. ಕಳಿಸಿದ ಮೇಲೆ ಮನಸ್ಸು ತಡೆಯದೆ ನಾಗಪತಿಯ ಮೊಬೈಲಿಗೆ ಫೋನು ಮಾಡಿದ. ಎತ್ತಿದವಳು ಮಾಲತಿ. ಫೋನು ಜಗಲಿಯ ಕಿಟಕಿಯಲ್ಲಿತ್ತು. ಗಂಡ ಮನೆಗೆ ಬಂದು, ಫೋನಿಟ್ಟು, ಹೇಳದೆ ಕೇಳದೆ ಹೋಗಿದ್ದಾನೆಂಬುದು ಅವಳಿಗೆ ಆಗಲೇ ಗೊತ್ತಾಗಿದ್ದು.

ಇತ್ತ ನಾಗಪತಿ ಕರ್ಕಿಯ ಕಡಲ ತೀರದಲ್ಲಿ ಗಾಳಿಮರಗಳ ಸಾಲು ದಾಟಿ, ಜನರಿಲ್ಲದ ಜಾಗ ಹುಡುಕಿ, ಮರಳಿನ ಮೇಲೆ ಕೂತ. ಹೊಸ ಚಪ್ಪಲಿ ಹಾಳಾಗಬಾರದೆಂದು ಕಳಚಿ ಜೋಡಿಯಾಗಿ ಪಕ್ಕಕ್ಕಿಟ್ಟ. ಮರಳು ಹೊಕ್ಕೀತೆಂದು ವಾಚು, ಗುರುತಿನ ಚೀಟಿ, ಪರ್ಸು ಮೂರನ್ನೂ ಕರವಸ್ತ್ರದಲ್ಲಿ ಕಟ್ಟಿ ಚಪ್ಪಲಿಯ ಮೇಲಿಟ್ಟ. ಹೊತ್ತು ನೋಡಿದ್ದ: ನಾಲ್ಕಕ್ಕೆ ಐದು ನಿಮಿಷ. ಸಮುದ್ರ ನೋಡುತ್ತ ಕೂತ. ಹಾಯೆನಿಸಿತು. ಇದಕ್ಕೆ ಇಷ್ಟು ಗಲಾಟೆಯಾ ಎಂದುಕೊಂಡ.

ಅಷ್ಟರಲ್ಲಿ ಹಿನ್ನೀರಿನ ಕಡೆಯಿಂದ ಬಳಚಿನ ಚಿಪ್ಪು ಆರಿಸಿಕೊಂಡು ಬುಟ್ಟಿ ಹೊತ್ತ ಗಣಪಿ ಬಂದಳು. ಎಪ್ಪತ್ತರ ಮುದುಕಿ, ಕಡಲ ಬದಿಯಲ್ಲಿ ಅವಳ ಕಣ್ಣು ತಪ್ಪಿಸಿ ಒಂದು ಏಡಿಯೂ ಮನೆ ಸೇರುವುದಿಲ್ಲ. ಚಪ್ಪಲಿ ನೋಡಿದಳು. ಗಂಟು ನೋಡಿದಳು. ಬುಟ್ಟಿ ಇಳಿಸಿದಳು.

"ಎಂತ ನಾಗ್ಪತಿ ತಮಾ, ಇಲ್ಲಿ ಕೂತ್ಕಂಡೆ?"

ಹರಟೆ ಕೂಡದೆಂದು ನಿಯಮ. ಆದರೆ ಹಿರಿಯಳಿಗೆ ಉತ್ತರ ಕೊಡದಿರಲಾದೀತೆ? ಆದಷ್ಟು ಚಿಕ್ಕದಾಗಿ ಹೇಳಿದ: "ಸುಮ್ನೆ."

"ಕೆಲ್ಸ?"

"ಎಲ್ಲ ಮುಗ್ಸಿ ಬಂದೆ ಅಕ್ಕಾ. ಇನ್ನೆಂತದೂ ಮಾಡುದಿಲ್ಲ."

"ಮನೇಲಿ ಹೇಳಿ ಬಂದ್ಯಾ?"

"ಇಲ್ಲ. ಮಾಲತಿಗೆ ಗೊತ್ತಾಗುದು ಬೇಡ. ಆರು ಗಂಟೆವರೆಗೆ ಇರ್ತೆ. ಆಮೇಲೆ ಹೊರಡೂದೇ."

"ಎಲ್ಲಿಗೆ?" ಎಂದಳು ಗಣಪಿ.

ಎರಡು ತಾಸು ಮುಗಿದ ಮೇಲೆ ಮನುಷ್ಯ ಇನ್ನೆಲ್ಲಿಗೆ ಹೊರಡುತ್ತಾನೆ? ಮಾತು ಬೆಳೆಸಬಾರದೆಂದು ನಾಗಪತಿ ಉತ್ತರ ಕೊಡದೆ ಕಡಲಿನ ಕಡೆಗೇ ನೋಡಿದ. ಗಣಪಿ ಬುಟ್ಟಿಯನ್ನು ಅಲ್ಲೇ ಬಿಟ್ಟು ಎದ್ದಳು. ಅವಳು ತನ್ನ ಬುಟ್ಟಿ ಬಿಟ್ಟು ಓಡಿದ್ದನ್ನು ಕರ್ಕಿಯಲ್ಲಿ ಯಾರೂ ಕಂಡಿರಲಿಲ್ಲ.

ಅವಳು ಹೋಗಿ ಹತ್ತು ನಿಮಿಷ ಕಳೆದಿರಬಹುದು. ನಾಗಪತಿಯ ಎಡಗಡೆಗೆ ಇಬ್ಬರು ಮೀನುಗಾರರು ಬಂದು, ಹರಿಯದ ಬಲೆಯೊಂದನ್ನು ಹೊಲಿಯತೊಡಗಿದರು. ಬಲಗಡೆಗೆ ನಾಲ್ಕು ಜನ ಹೆಂಗಸರು ಬಂದು, ಮರಳಿನಲ್ಲಿ ಏನೋ ಕಳೆದುಹೋದವರಂತೆ ಹುಡುಕತೊಡಗಿದರು. ಹಾಲಿನ ಡೇರಿಯವನು ಕ್ಯಾನಿನ ಸಮೇತ ಬಂದ. ಹೆದ್ದಾರಿಯಲ್ಲಿ ಹೋಗುತ್ತಿದ್ದ ಬಸ್ಸಿನ ಚಾಲಕ ಸುದ್ದಿ ಕೇಳಿ ಗಾಡಿಯನ್ನು ಬದಿಗೆ ಹಾಕಿ ಇಳಿದ. ಅವನ ಹಿಂದೆ ನಿರ್ವಾಹಕ, ಅವನ ಹಿಂದೆ ಇಪ್ಪತ್ತೊಂದು ಜನ ಪ್ರಯಾಣಿಕರು. ಎಲ್ಲರೂ ಗಾಳಿಮರಗಳ ನೆರಳಿನಲ್ಲಿ ನಿಂತು ಸಮುದ್ರವನ್ನು ಇದೇ ಮೊದಲು ನೋಡುವವರ ಹಾಗೆ ನೋಡತೊಡಗಿದರು.

ಮೊದಲು ಹತ್ತಿರ ಬಂದವರು ಕೃಷ್ಣಾನಂದ ಮಾಸ್ತರರು. ವಾಕಿಂಗಿಗೆ ಬಂದವರ ಹಾಗೆ ಕೋಲು ಆಡಿಸುತ್ತ ಬಂದು ಪಕ್ಕದಲ್ಲಿ ಕೂತರು.

"ಜೀವನ ಅಂದ್ರೆ ಬಾಳಾ ದೊಡ್ಡದು ನಾಗಪತಿ" ಎಂದರು.

"ಹೌದು ಮಾಸ್ತರೆ. ಈಗ ಸ್ವಲ್ಪ ಹೊತ್ತು ನನ್ನ ಬಿಟ್ಬಿಡಿ."

"ಬಿಡುದು ಹ್ಯಾಂಗೆ? ನೋಡು, ಪರೀಕ್ಷೆಲಿ ಒಂದು ಸಲ ಫೇಲಾದ್ರೆ ಎರಡ್ನೇ ಸಲ ಕಟ್ಟಬಹುದು..."

"ನಂದು ಎರಡ್ನೇ ಸಲವೇ ಮಾಸ್ತರೆ! ಸೋಮವಾರ ಒಂದ್ಸಲ ಮಾಡಿ ಆಗ್ಲಿಲ್ಲ. ಈ ಸಲವಾದ್ರೂ ಮುಗ್ಸುಕೆ ಬಿಡಿ!"

ಮಾಸ್ತರರು ಕೋಲನ್ನು ಅಲ್ಲೇ ಬಿಟ್ಟು ಹಿಂದಕ್ಕೆ ಸರಿದರು. ಗಾಳಿಮರಗಳ ಅಡಿಯಲ್ಲಿ ‘ಸೋಮವಾರವೂ’, ‘ಸೋಮವಾರವೂ ಅಂತೆ’ ಎಂಬ ಮಾತು ಮರದಿಂದ ಮರಕ್ಕೆ ಹೋಯಿತು. ಸೋಮವಾರದ ಕಷಾಯದ ಸಂಗತಿ ಅದಕ್ಕೆ ಸಾಕ್ಷಿಯೂ ಆಯಿತು.

ಬಂದವರೆಲ್ಲ ಒಬ್ಬೊಬ್ಬರಾಗಿ ಬಂದು ಧೈರ್ಯ ಹೇಳಿದರು. ಒಬ್ಬ ನಗೆಹನಿ ಹೇಳಿ ತಾನೇ ನಕ್ಕ. ಒಬ್ಬಳು ತನ್ನ ಗಂಡನಿಗೆ ಇದಕ್ಕಿಂತ ಕಷ್ಟ ಬಂದದ್ದನ್ನು ವಿವರವಾಗಿ ಹೇಳಿದಳು. ಯಕ್ಷಗಾನದ ಹವ್ಯಾಸಿ ವೇಷಧಾರಿಯೊಬ್ಬ, "ಬರುವ ಶನಿವಾರ ನಮ್ಮ ಆಟಕ್ಕೆ ನೀವೇ ಅಧ್ಯಕ್ಷರು, ಆವರೆಗಾದರೂ ಇರ್ಲೇಬೇಕು" ಎಂದು ಕೈ ಹಿಡಿದುಕೊಂಡ. ಊರಿನ ಜನ ಇದ್ದಕ್ಕಿದ್ದ ಹಾಗೆ ತನ್ನನ್ನು ಇಷ್ಟು ಪ್ರೀತಿಸುವುದು ಯಾಕೆಂದು ನಾಗಪತಿಗೆ ತಿಳಿಯಲಿಲ್ಲ. ತಿಳಿದದ್ದು ಒಂದೇ: ಯಾರು ಬಾಯಿ ತೆರೆದರೂ ಎರಡು ತಾಸು ಮೊದಲಿನಿಂದ ಶುರುವಾಗುತ್ತದೆ. ಆರನೆಯ ಸಲ ಶುರುವಾದಾಗ ಅವನಿಗೆ ಸೋಲು ಖಾತ್ರಿಯಾಯಿತು.

ಸೋತವನು ಸೋಲನ್ನು ಒಪ್ಪಬೇಕು. ಫೋನಿರಲಿಲ್ಲ. ಕಿಸೆಯಿಂದ ಟೈಮ್ ಟೇಬಲ್ ತೆಗೆದು, ಹಿಂಬದಿಯಲ್ಲಿ ನಾಲ್ಕು ಸಾಲು ಬರೆದು, ಮನೆಗೆ ಹೋಗಿ ಫೋಟೋ ತೆಗೆದು ಕಳಿಸಿದರಾಯಿತೆಂದು ಗಂಟಿನ ಕೆಳಗೆ ಸಿಕ್ಕಿಸಿದ. ನೋಡುತ್ತಿದ್ದವರಲ್ಲಿ ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು.

ಭರತದ ನೀರು ಏರುತ್ತಿತ್ತು. ದೊಡ್ಡದೊಂದು ತೆರೆ ನೊರೆ ಕಕ್ಕುತ್ತ ಮೇಲೆ ಬಂತು. ನಾಗಪತಿ ಗಂಟನ್ನೂ ಚೀಟಿಯನ್ನೂ ಎತ್ತಿ ಮೇಲಕ್ಕೆಸೆದ. ಚಪ್ಪಲಿಯನ್ನು ಎತ್ತುವಷ್ಟರಲ್ಲಿ ತೆರೆ ಅದನ್ನು ಎಳೆದುಕೊಂಡು ಹಿಂದಕ್ಕೆ ಹೊರಟಿತು. ಎರಡು ದಿನದ ಹೊಸ ಚಪ್ಪಲಿ! "ಹೋತು, ಹೋತು!" ಎಂದು ಕೂಗುತ್ತ ಅವನು ನೀರಿಗೆ ಓಡಿದ.

ಆಮೇಲಿನದು ಅವನಿಗೆ ಸರಿಯಾಗಿ ನೆನಪಿಲ್ಲ. ಮೊಣಕಾಲು ನೀರು ಮುಟ್ಟಿತ್ತು. ಎಡದಿಂದ ಬಲೆ ಹೊಲಿಯುವವರು, ಬಲದಿಂದ ಹಾಲಿನ ಡೇರಿಯವನು, ಹಿಂದಿನಿಂದ ಚಾಲಕ, ನಿರ್ವಾಹಕ, ಮೂವರು ಪ್ರಯಾಣಿಕರು ಒಟ್ಟಿಗೆ ಮೇಲೆ ಬಿದ್ದರು. ಕಣ್ಣು ಬಿಟ್ಟಾಗ ಎಂಟು ಜನ ಅವನನ್ನು ಅಡ್ಡಡ್ಡ ಎತ್ತಿಕೊಂಡು ದಡದ ಕಡೆ ಓಡುತ್ತಿದ್ದರು. "ಚಪ್ಲಿ! ನನ್ನ ಚಪ್ಲಿ!" ಎಂದು ಅವನು ಕಿರುಚಿದ.

"ಪಾಪ, ತಲೆ ಎಲ್ಲೆಲ್ಲೋ ಹೋಗ್ತಾ ಅದೆ" ಎಂದ ಹಾಲಿನ ಡೇರಿಯವನು.

ಮಾಸ್ತರರು ಚೀಟಿ ಹೆಕ್ಕಿದರು. ಕನ್ನಡಕ ಏರಿಸಿದರು. ನಲವತ್ತು ವರ್ಷ ತರಗತಿಯಲ್ಲಿ ಓದಿದ ಕಂಠ. ಗಾಳಿಮರದ ತುದಿಯವರೆಗೂ ಕೇಳಿಸಿತು.

"‘ಪ್ರೀತಿಯ ಮಗಳೇ, ನನ್ನ ಕೈಲಿ ಆಗಲಿಲ್ಲ. ನೀನು ಹೇಳಿದ್ದೇ ಸರಿ. ಜನ ನನ್ನನ್ನು ನೆಮ್ಮದಿಯಿಂದ ಇರಲು ಬಿಡುವುದಿಲ್ಲ. ಇನ್ನು ಮುಂದೆ ನಿನಗೆ ನಾನು ಏನೂ ಹೇಳುವುದಿಲ್ಲ. ಇತಿ, ನಿನ್ನ ಅಪ್ಪ.’"

ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. "ಆ ‘ಜನ’ ನಾನೇ!" ಎಂದು ಎದೆ ಬಡಿದುಕೊಂಡರು. "ಹುಲ್ಲಿನ ಫೋಟೋ ತೋರ್ಸಿ ಚಾ ಅಂಗಡಿಯಲ್ಲಿ ಮಾನ ಕಳ್ದವ ನಾನು! ಕ್ಷಮ್ಸು ನಾಗಪತಿ! ನಿನ್ನ ಮಗ್ಳು ಹುಲ್ಲಿನ ಮೇಲಾದ್ರೂ ಮಲಗ್ಲಿ, ಮರದ ಮೇಲಾದ್ರೂ ಮಲಗ್ಲಿ!"

ರಿಕ್ಷಾದಿಂದ ಇಳಿದ ಮಾಲತಿ ಓಡಿ ಬಂದು ಗಂಡನ ಎದುರು ನಿಂತಳು. ಅಳಲಿಲ್ಲ. ಒದ್ದೆ ಅಂಗಿಯ ಕಾಲರು ಹಿಡಿದಳು. "ಎಂತ ಕಮ್ಮಿ ಮಾಡಿದ್ದೆ ನಾನು? ಕಷಾಯ ಮಾಡ್ಕೊಡ್ಲಿಲ್ವಾ?" ಎಂದು ಕೇಳುವಾಗ ಮಾತ್ರ ಅವಳ ದನಿ ಒಡೆಯಿತು. ಕಾಯ್ಕಿಣಿಯಿಂದ ನಾಗಪತಿಯ ಅಕ್ಕ ಕಮಲಿಯ ಫೋನು ಅವಳ ಕೈಯಲ್ಲೇ ಅರಚುತ್ತಿತ್ತು. ಸುದ್ದಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ‘ಹೊರಟಿದ್ದಾನೆ’ ಎಂಬುದು ‘ಹೊರಟುಹೋದ’ ಎಂದಾಗಿತ್ತು. ಕಮಲಿ ತಮ್ಮನ ಗುಣಗಳನ್ನು ಒಂದೊಂದಾಗಿ ಹೇಳಿ ಅಳುತ್ತಿದ್ದಳು. "ಹೇ ಅಕ್ಕಾ, ನಾ ಎಲ್ಲೂ ಹೋಗ್ಲಿಲ್ಲ, ಇಲ್ಲೇ ಇದ್ದೆ!" ಎಂದು ನಾಗಪತಿ ಕೂಗಿದ. ಆಚೆ ಅಳು ಇನ್ನೂ ಜೋರಾಯಿತು: "ಅಯ್ಯೋ, ಅವ್ನ ದನಿಯೇ ಕೇಳ್ದಂಗೆ ಆಗ್ತದೆ!"

ಕಮಲಿ ಅಷ್ಟಕ್ಕೇ ನಿಲ್ಲಿಸಿರಲಿಲ್ಲ. ಐರ್ಲೆಂಡಿಗೂ ಫೋನು ಮಾಡಿದ್ದಳು. ಮಾಲತಿಯ ಫೋನಿನಲ್ಲಿ ಮಾಲಿನಿಯ ವಿಡಿಯೋ ಕರೆ ಬಂತು. ತಲೆಗೆ ಬೇಕರಿಯ ಟೋಪಿ, ಕೈಗೆಲ್ಲ ಹಿಟ್ಟು, ಕಣ್ಣು ಕೆಂಪಗೆ. ಇನ್ನೊಂದು ತಾಸಿಗೆ ಅವಳ ಸೆಮಿನಾರು. ಅದನ್ನು ಬಿಟ್ಟು ವಿಮಾನದ ಟಿಕೆಟ್ಟು ಹುಡುಕುತ್ತಿದ್ದಳು.

"ಅಪ್ಪಾ! ನನ್ನಿಂದಾಯ್ತಾ ಅಪ್ಪಾ? ನಾ ದ್ವೀಪಕ್ಕೆ ಹೋಗುದಿಲ್ಲ. ಓದೂ ಬೇಡ, ಬಂದ್ಬಿಡ್ತೆ ಅಪ್ಪಾ..."

ನಾಗಪತಿ ಮಗಳ ಕೆನ್ನೆಯ ಹಿಟ್ಟಿನಲ್ಲಿ ಕಣ್ಣೀರು ಗೆರೆ ಎಳೆದದ್ದನ್ನು ನೋಡಿದ. ತನ್ನನ್ನು ಹಿಡಿದಿದ್ದ ಎಂಟು ಜನರನ್ನೂ ಕೊಡವಿಕೊಂಡು ಎದ್ದ. ಮೈಕಿನ ಮುಂದೆ ಕೂತರೆ ಬರುವ ಆ ದನಿ ತನ್ನಿಂದ ತಾನೇ ಬಂತು.

"ಎಲ್ಲರೂ ದಯವಿಟ್ಟು ಗಮನಿಸಿ! ನಾನು ಎಲ್ಲಿಗೂ ಹೊರಟವನಲ್ಲ! ನಾನು ವಿರಾಮ ಮಾಡ್ತಾ ಇದ್ದೆ! ಮಗಳ ಹತ್ರ ಪಂಥ ಕಟ್ಟಿ, ಸುಮ್ನೆ ಕೂತಿದ್ದೆ! ಸುಮ್ನೆ! ಚಪ್ಲಿ ಹೋತು ಅಂತ ನೀರಿಗಿಳ್ದದ್ದು! ಮಾಲಿನಿ, ನೀ ಗೆದ್ದೆ. ಸೆಮಿನಾರಿಗೆ ಹೋಗು. ದ್ವೀಪಕ್ಕೂ ಹೋಗು!"

ಮಾಲಿನಿ ಅಳುತ್ತಲೇ ನಕ್ಕಳು. ಮೂಗೊರೆಸಿಕೊಂಡು, ಪಂಥದ ಕಥೆ ಪೂರ್ತಿ, ಸ್ಪೀಕರಿನಲ್ಲಿ, ಇಡೀ ತೀರಕ್ಕೆ ಹೇಳಿದಳು. ಕೊನೆಗೆ ಕೇಳಿದಳು: "ಎಷ್ಟು ಹೊತ್ತಾಗಿತ್ತು ಅಪ್ಪಾ, ಈ ಸಲ?"

"ಹತ್ತು ನಿಮಿಷ ಆಗಿತ್ತು. ಗಣಪಕ್ಕ ಬಂದ್ಳು."

"ಅಷ್ಟೆಯಾ?" ಎಂದು ಯಾರೋ ಹಿಂದಿನಿಂದ ಹೇಳಿದರು. ಆ ಮಾತಿನಲ್ಲಿ ಮೋಸ ಹೋದ ನೋವಿತ್ತು. ಪ್ರಯಾಣಿಕರು ಗೊಣಗುತ್ತ ಬಸ್ಸಿನ ಕಡೆ ನಡೆದರು. ಗಣಪಿ ತನ್ನ ಬುಟ್ಟಿಯ ಬಳಚು ಎಣಿಸಿ ನೋಡಿಕೊಂಡಳು. ಬಹಿರಂಗವಾಗಿ ಕ್ಷಮೆ ಕೇಳಿಬಿಟ್ಟ ಮಾಸ್ತರರಿಗಂತೂ ಅದನ್ನು ವಾಪಸು ತೆಗೆದುಕೊಳ್ಳುವ ದಾರಿಯಿರಲಿಲ್ಲ. "ಮೊದ್ಲೇ ಹೇಳುಕೆ ಎಂತ ಆಗಿತ್ತು ನಿಂಗೆ?" ಎಂದು ಸಿಡುಕಿ ಕೋಲು ಹುಡುಕಿದರು.

ಉಳಿದವನು ಪೊಲೀಸ್ ಸುಜಯ. ಯಾರೋ ಫೋನು ಮಾಡಿದ್ದರಿಂದ ಬೈಕಿನಲ್ಲಿ ಬಂದಿದ್ದ, ಬಂದ ಮೇಲೆ ಏನಾದರೂ ಬರೆಯಲೇಬೇಕಿತ್ತು.

"‘ಸುಮ್ನೆ ಕೂತಿದ್ರು’ ಅಂತ ಬರ್ದರೆ ಮೇಲಿನವ್ರು ನನ್ನ ಕೇಳ್ತಾರೆ ನಾಯ್ಕರೆ, ಯಾವ ಕಾರಣಕ್ಕೆ ಅಂತ. ಒಂದು ಕೆಲ್ಸ ಮಾಡಿ. ನಾಳೆ ಕುಮಟೆಯಲ್ಲಿ ಡಾಕ್ಟರಿಗೆ ತೋರ್ಸಿ, ಎಲ್ಲ ಸರಿ ಉಂಟು ಅಂತ ಒಂದು ಚೀಟಿ ತನ್ನಿ. ಮುಗೀತು."

ಕಿರಣನೂ ಫೋನಿನಲ್ಲಿ ಅದನ್ನೇ ಹೇಳಿದ, ಮೆಲ್ಲಗೆ.

ಮರುದಿನ ಮಾಲತಿ ಗಂಡನನ್ನು ಕರೆದುಕೊಂಡು ಕುಮಟೆಗೆ ಹೋದಳು. ಡಾಕ್ಟರಮ್ಮ ಮನಸ್ಸಿನ ಕಾಯಿಲೆಗಳನ್ನು ನೋಡುವವಳು, ಐವತ್ತರ ಹೆಂಗಸು. ನಾಗಪತಿಯ ಕಥೆಯನ್ನು ಮೊದಲಿಂದ ಕೊನೆಯವರೆಗೆ ಕೇಳಿದಳು. ಗಣಪಿಯ ಹತ್ತಿರ ಬಂದಾಗ ತುಟಿ ಕಚ್ಚಿದಳು, ಚಪ್ಪಲಿಯ ಹತ್ತಿರ ಬಂದಾಗ ಮೇಜಿನ ಕೆಳಗೆ ಏನೋ ಬಿದ್ದಂತೆ ಬಗ್ಗಿದಳು.

"ಕೆಲಸ ಬಿಟ್ಟು ಒಬ್ಬರೇ ಸುಮ್ಮನೆ ಕೂತದ್ದು ಕಡೆಗೆ ಯಾವಾಗ ನಾಯ್ಕರೆ?"

ನಾಗಪತಿ ಬಹಳ ಹೊತ್ತು ಯೋಚಿಸಿದ. "ಕಾಮಾಲೆ ಆದಾಗ" ಎಂದ.

ಡಾಕ್ಟರಮ್ಮ ಚೀಟಿ ಬರೆದಳು: ‘ಆರೋಗ್ಯ ಉತ್ತಮ. ವಾರಕ್ಕೆ ಮೂರು ಸಲ, ಎರಡೆರಡು ತಾಸು, ಸುಮ್ಮನೆ ಕೂರತಕ್ಕದ್ದು. ಈ ಸಮಯದಲ್ಲಿ ಯಾರೂ ಮಾತಾಡಿಸಬಾರದು.’ ಕೆಳಗೆ ದುಂಡನೆಯ ನೀಲಿ ಸೀಲು.

ನಮ್ಮ ಜನ ಮಾತಿಗೆ ಬೆಲೆ ಕೊಡದಿರಬಹುದು, ಸೀಲಿಗೆ ಕೊಡುತ್ತಾರೆ. ಚೀಟಿಯ ಪ್ರತಿಯೊಂದನ್ನು ಮಾಲತಿ ಜಗಲಿಯ ಕಂಬಕ್ಕೆ ಅಂಟಿಸಿದಳು. ಶನಿವಾರ ನಾಗಪತಿ ಕುರ್ಚಿ ಹಾಕಿ ಕೂತ. ಫಾರ್ಮಿನವನು ಬಂದ, ಚೀಟಿ ಓದಿದ, ಚಪ್ಪಲಿ ಸದ್ದಾಗದಂತೆ ಹಿಂದೆ ಹೋದ. ಡೇರಿಯವನು ಕ್ಯಾನನ್ನು ಕೂಸಿನಂತೆ ಎತ್ತಿಕೊಂಡು ದಾಟಿದ. ಬೇಲಿಯಾಚೆ ಮಾಸ್ತರರು ಮೊಮ್ಮಗನ ಬಾಯಿಗೆ ಕೈಯಿಟ್ಟು, "ಗಲಾಟೆ ಮಾಡ್ಬೇಡ, ಅವ್ರು ಔಷಧಿ ತಕಳ್ತಾ ಇದ್ದಾರೆ" ಎಂದರು. ನಾಗಪತಿ ಎರಡು ತಾಸು ಪೂರ್ತಿ ಕೂತ. ಎದ್ದಾಗ ಮೈ ಹಗುರಾಗಿತ್ತು. ಮಗಳಿಗೆ ಫೋನು ಮಾಡಿದರೆ ಅವಳು ದ್ವೀಪದ ದೋಣಿಯಲ್ಲಿದ್ದಳು. ಗಾಳಿಯ ಸದ್ದಿನಲ್ಲಿ ಮಾತು ಕೇಳಲಿಲ್ಲ, ನಗು ಕೇಳಿಸಿತು.

ಈ ಎರಡು ತಾಸಿನಲ್ಲಿ ಮಾಲತಿ ಅನ್ನ ಮಾಡಿ, ಮೀನು ತೊಳೆದು, ಅಂಗನವಾಡಿಯ ರಿಜಿಸ್ಟರು ಬರೆದು, ಬಟ್ಟೆ ಒಣಗಿಸಿ, ನಾಲ್ಕು ಸಲ ಜಗಲಿಗೆ ಬಂದು ಗಂಡನನ್ನೂ ಕಂಬದ ಚೀಟಿಯನ್ನೂ ನೋಡಿ ಹೋಗಿದ್ದಳು.

ಸೋಮವಾರ ಅಂಗನವಾಡಿ ಮುಗಿಸಿ ಅವಳು ಒಬ್ಬಳೇ ಕುಮಟೆಯ ಬಸ್ಸು ಹತ್ತಿದಳು. ಸಂಜೆ ಬಂದಾಗ ನಾಗಪತಿ ಕುರ್ಚಿಯಲ್ಲಿ ಆಗಷ್ಟೇ ಕೂರುತ್ತಿದ್ದ. ಮಾಲತಿ ಚೀಲದಿಂದ ಒಂದು ಕಾಗದ ತೆಗೆದು, ಅವನದರ ಮೇಲೇ ಅಂಟಿಸಿದಳು. ಅದೇ ಅಕ್ಷರ, ಅದೇ ನೀಲಿ ಸೀಲು. ನಾಗಪತಿ ಹತ್ತಿರ ಹೋಗಿ ಓದಿದ: ‘ಮಾಲತಿ ನಾಯ್ಕ. ದಿನಾಲೂ, ಎರಡು ತಾಸು.’

"ದಿನಾಲೂನಾ? ನಂಗೆ ವಾರಕ್ಕೆ ಮೂರೇ ಬರ್ದಿದ್ರಲ್ಲೇ!"

"ಸುಮ್ನೆ ಕೂತದ್ದು ಕಡೆಗೆ ಯಾವಾಗ ಅಂತ ನನ್ನ ಹತ್ರನೂ ಕೇಳಿದ್ರು. ಮದ್ವೆಗಿಂತ ಮೊದ್ಲು ಅಂದೆ. ಹಳೇ ಕೇಸು, ಔಷಧಿ ಜಾಸ್ತಿ ಬೇಕು ಅಂದ್ರು" ಎಂದು ಮಾಲತಿ ಕುರ್ಚಿಯಲ್ಲಿ ಕೂತು, ಕಾಲು ಚಾಚಿ, ಕಣ್ಣು ಮುಚ್ಚಿದಳು. "ಅನ್ನಕ್ಕೆ ಇಡಿ."

ನಾಗಪತಿ ಒಳಗೆ ಹೋದ. ಅಡಿಗೆಮನೆಯ ಡಬ್ಬಿಗಳನ್ನು ಒಂದೊಂದಾಗಿ ತೆರೆದ. ಉದ್ದು, ಅವಲಕ್ಕಿ, ಸಾಬೂನಿನ ಪುಡಿ, ಮತ್ತೆ ಉದ್ದು. ಕೊನೆಗೆ ಬಾಗಿಲಿಗೆ ಬಂದು, "ಮಾಲತೀ, ಅಕ್ಕಿ ಎಲ್ಲದೆ?" ಎಂದು ಕೂಗಿದ.

ಬೇಲಿಯಾಚೆಯಿಂದ ಕೃಷ್ಣಾನಂದ ಮಾಸ್ತರರು ತುಟಿಯ ಮೇಲೆ ಬೆರಳಿಟ್ಟು ಸಿಟ್ಟಿನಿಂದ ನೋಡಿದರು.

"ಶ್! ಕಣ್ಣು ಕಾಣುದಿಲ್ವಾ ನಿಂಗೆ? ಔಷಧಿ ತಕಳ್ತಾ ಇದ್ದಾರೆ!"